ಹೊಸ ಕಾರು ಫ್ರೀವೇಯಲ್ಲಿ ಪವರ್ ಬಿಡುತ್ತಿದೆ, ಡೀಲರ್ ಏನೂ ತೊಂದರೆ ಇಲ್ಲ ಅಂತಾರೆ. ಕ್ಯಾಲಿಫೋರ್ನಿಯಾ ಲೆಮನ್ ಲಾ ಗೊತ್ತಿರುವವರು ತಿಳಿಸಿ

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಲೆಮನ್ ಲಾ, ಅಂದರೆ ರಿಪೇರಿ ಮಾಡಿದರೂ ಸರಿಹೋಗದ ಹೊಸ ಗಾಡಿಯನ್ನು ಕಂಪನಿ ವಾಪಸ್ ತಗೊಳ್ಳಬೇಕು ಅನ್ನುವ ಕಾನೂನು, ಅದರ ಅಡಿಯಲ್ಲಿ ಹೊಸ ಕಾರನ್ನು ಕಂಪನಿಗೆ ವಾಪಸ್ ಕೊಟ್ಟವರು ಇಲ್ಲಿ ಯಾರಾದರೂ ಇದ್ದೀರಾ? ನಾವಿರುವುದು ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿ. ಹೈಬ್ರಿಡ್ ಎಸ್‌ಯುವಿ, ಶೋರೂಮಿನಿಂದ ಹೊಸದಾಗಿಯೇ ತಗೊಂಡಿದ್ದು, ಬೆಲೆ 42,000 ಡಾಲರ್. ಐದು ವರ್ಷದ ಸಾಲ ಇದೆ. ಕಂಪನಿ ಹೆಸರು ಇಲ್ಲಿ ಹಾಕುವುದಿಲ್ಲ, ಮಾತುಕತೆ ಇನ್ನೂ ನಡೆಯುತ್ತಿದೆ.

ನನ್ನ ಆಫೀಸು ಪ್ಲೆಸಂಟನ್‌ನಲ್ಲಿ. ದಿನಾ ಐ-580ರಲ್ಲಿ ಆಲ್ಟಮಾಂಟ್ ಪಾಸ್ ಹತ್ತಿ ಇಳಿಯಬೇಕು. ಗಾಳಿಯಂತ್ರಗಳಿರುವ ಆ ಗುಡ್ಡದ ಏರು, ಬೆಳಿಗ್ಗೆ ಹೊತ್ತು ಲಾರಿಗಳ ಸಾಲು. ಆ ಏರಿನಲ್ಲಿ ಇದ್ದಕ್ಕಿದ್ದಂತೆ ಬೀಪ್ ಬರುತ್ತದೆ. ಪವರ್ ಕಡಿಮೆಯಾಗಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅಂತ ಡ್ಯಾಶ್ ಮೇಲೆ ಬರಹ ಮೂಡುತ್ತದೆ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತುಳಿದರೂ ಕಾರು ಎಳೆಯುವುದಿಲ್ಲ. 65ರಲ್ಲಿ ಹೋಗುತ್ತಿದ್ದದ್ದು ನೋಡನೋಡುತ್ತಲೇ 30ಕ್ಕೆ ಇಳಿಯುತ್ತದೆ. ಹಿಂದೆ ಲಾರಿ, ಹಿಂದಿನ ಸೀಟಿನಲ್ಲಿ ಮಗಳು. ಹೇಗೋ ಪಕ್ಕಕ್ಕೆ ತಂದು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತದೆ.

ಮೊದಲ ಸಲ ಹೀಗಾದಾಗ ಮೀಟರ್ 1,200 ಮೈಲಿ ತೋರಿಸುತ್ತಿತ್ತು. ಈಗ 9,000. ಮೂರು ಸಲ ಸರ್ವಿಸ್‌ಗೆ ಬಿಟ್ಟಾಯಿತು. ಮೊದಲು ತೊಂದರೆ ಕಾಣಿಸಲಿಲ್ಲ ಅಂದರು. ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್. ಮೂರನೇ ಸಲ ಏನೋ ಪಾರ್ಟ್ ಬದಲಿಸಿದರು. ಅದು ಸ್ಟಾಕ್ ಇಲ್ಲ ಅಂತ ವಾರಗಟ್ಟಲೆ ಕಾರು ಅಲ್ಲೇ ಇತ್ತು. ವಾಪಸ್ ತಂದು ಸ್ವಲ್ಪ ದಿನಕ್ಕೇ ಮತ್ತೆ ಅದೇ ಕಥೆ.

ನನಗೆ ನಿಜವಾಗಿ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ನಿನ್ನೆ ರಾತ್ರಿ ಕೂತು ಮೊದಲ ರಿಪೇರಿ ಆರ್ಡರ್ (ಕಾರು ಬಿಟ್ಟಾಗ ದೂರು, ಮಾಡಿದ ಕೆಲಸ ಬರೆದುಕೊಡುವ ಕಾಗದ) ಓದಿದೆ. ನಾನು ಕೌಂಟರಿನಲ್ಲಿ ನಿಂತು ಅಷ್ಟೆಲ್ಲ ವಿವರಿಸಿದ್ದೆ. ಏರಿನಲ್ಲಿ ಪವರ್ ಹೋಗುತ್ತೆ, ಲಾರಿ ಮುಂದೆ ಸಿಕ್ಕಿಕೊಂಡೆ ಅಂತೆಲ್ಲ. ಕಾಗದದಲ್ಲಿ ಇರುವುದು ಇಷ್ಟೇ: ‘ವಾರ್ನಿಂಗ್ ಲೈಟ್ ಬಂದಿದೆ ಎಂದು ಗ್ರಾಹಕರು ಹೇಳುತ್ತಾರೆ. ಪರೀಕ್ಷಿಸಲಾಯಿತು. ತೊಂದರೆ ಕಂಡುಬಂದಿಲ್ಲ.’ ಪವರ್ ಹೋಗುವ ವಿಷಯವೇ ಇಲ್ಲ!

ಈಗ ಸರ್ವಿಸ್ ಮ್ಯಾನೇಜರ್ ಒಂದು ಆಫರ್ ಮುಂದಿಟ್ಟಿದ್ದಾರೆ. ಎಕ್ಸ್‌ಟೆಂಡೆಡ್ ವಾರಂಟಿ ಫ್ರೀ, ಜೊತೆಗೆ ಎರಡು ತಿಂಗಳ ಕಂತು ಕಂಪನಿಯೇ ಕಟ್ಟುತ್ತದಂತೆ. ಒಂದು ಪೇಪರ್‌ಗೆ ಸಹಿ ಮಾಡಿ ಅಂತಾರೆ. ಮಾಡಬಹುದಾ? ನಾಲ್ಕು ಸಲ ರಿಪೇರಿ ಆಗದೆ ಲೆಮನ್ ಲಾ ಬರಲ್ಲ ಅಂತ ನಮ್ಮೆಜಮಾನರ ಸ್ನೇಹಿತರು ಹೇಳಿದರು, ನಿಜವಾ? ವಾಪಸ್ ಕೊಟ್ಟರೆ 9,000 ಮೈಲಿಗೂ ದುಡ್ಡು ಹಿಡಿದುಕೊಳ್ತಾರಾ? ಲಾಯರ್ ಫೀಸು ಯಾರು ಕೊಡಬೇಕು? ಅನುಭವ ಇರುವವರು ದಯವಿಟ್ಟು ಹೇಳಿ. ದಿನಾ ಆ ಘಾಟ್ ಹತ್ತುವಾಗ ಕೈ ಬೆವರುತ್ತೆ.

ಎಲೆಅಡಿಕೆ

ಸುಮ್ನೆ ಈ ಕಾರನ್ನು ಡೀಲರ್‌ಗೇ ಕೊಟ್ಟು ಟ್ರೇಡ್-ಇನ್ ಮಾಡಿ ಬೇರೆ ತಗೊಳ್ಳಿ ಅಕ್ಕ. ಕಾನೂನು, ಲಾಯರ್ ಅಂತ ಓಡಾಡಿದರೆ ನೆಮ್ಮದಿ ಹಾಳು. ಎರಡು ಮೂರು ಸಾವಿರ ಹೋದರೆ ಹೋಗಲಿ, ಜೀವ ಮುಖ್ಯ.

ಘಟ್ಟದದಾರಿ

ಸಂಪಿಗೆಮರ ಅವರೇ, ಮೊದಲು ಒಂದೇ ಮಾತು: ಆ ಪೇಪರ್‌ಗೆ ಸಹಿ ಮಾಡಬೇಡಿ. ಮನೆಗೆ ತಂದು ಓದಿ. ಅಂಥ ಕಾಗದದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ, ಈ ತೊಂದರೆ ಬಗ್ಗೆ ಮುಂದೆ ಯಾವ ಕ್ಲೇಮೂ ಮಾಡುವುದಿಲ್ಲ ಅಂತ. ಎರಡು ಕಂತಿಗೆ ನಿಮ್ಮ ಹಕ್ಕನ್ನೇ ಬರೆದುಕೊಟ್ಟ ಹಾಗಾಗುತ್ತದೆ. ಅಂಥ ಸಾಲು ಇಲ್ಲ, ಬರೀ ವಾರಂಟಿ ಕೊಡ್ತಾರೆ ಅಂದರೆ ಅದು ಬೇರೆ ಮಾತು. ಆದರೂ ಓದದೆ ಸಹಿ ಬೇಡ.

ನಾನು ಫ್ರೀಮಾಂಟ್‌ನಲ್ಲಿರುವುದು. ನಮ್ಮ ಕಾರಿನಲ್ಲಿ ತೊಂದರೆ ಬ್ರೇಕ್‌ದು. ಕೊನೆಗೆ ಕಂಪನಿಯೇ ವಾಪಸ್ ತಗೊಂಡಿತು. ಆಗ ಓದಿ, ಕೇಳಿ ತಿಳಿದುಕೊಂಡಿದ್ದನ್ನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಇಲ್ಲಿ ಲೆಮನ್ ಲಾ ಅಂತ ಜನ ಕರೆಯುವುದು ಸಾಂಗ್-ಬೆವರ್ಲಿ ಕಾಯಿದೆಯನ್ನು, 1970ರದ್ದು. ಅದರ ತಿರುಳು ಬಹಳ ಸರಳ. ವಾರಂಟಿ ಇರುವ ಹೊಸ ಗಾಡಿಯಲ್ಲಿ ದೋಷ ಇದೆ, ಆ ದೋಷದಿಂದ ಗಾಡಿಯ ಬಳಕೆ, ಬೆಲೆ ಅಥವಾ ಸುರಕ್ಷತೆಗೆ ದೊಡ್ಡ ಪೆಟ್ಟು ಬಿದ್ದಿದೆ, ಸರಿಪಡಿಸಲು ಸಾಕಷ್ಟು ಅವಕಾಶ ಕೊಟ್ಟರೂ ಆಗಿಲ್ಲ. ಹೀಗಿದ್ದರೆ ತಯಾರಕ ಕಂಪನಿ ಗಾಡಿ ಬದಲಿಸಿಕೊಡಬೇಕು ಅಥವಾ ದುಡ್ಡು ವಾಪಸ್ ಕೊಡಬೇಕು. ಬದಲಿ ಗಾಡಿ ಬೇಡ, ದುಡ್ಡೇ ಬೇಕು ಅಂತ ನೀವು ಹೇಳಬಹುದು. ಅವರು ಬಲವಂತ ಮಾಡುವ ಹಾಗಿಲ್ಲ. ಲೀಸ್ ಗಾಡಿಗೂ ಇದು ಅನ್ವಯಿಸುತ್ತದೆ.

‘ಸಾಕಷ್ಟು ಅವಕಾಶ’ ಅಂದರೆ ಎಷ್ಟು? ನಿಮ್ಮ ಸ್ನೇಹಿತರು ಹೇಳಿದ ನಾಲ್ಕು ಸಲದ ಮಾತು ಬಂದಿರುವುದು ಇಲ್ಲಿಂದಲೇ. ಗಾಡಿ ಕೈಗೆ ಬಂದ 18 ತಿಂಗಳು ಅಥವಾ 18,000 ಮೈಲಿ, ಯಾವುದು ಮೊದಲೋ ಅಷ್ಟರೊಳಗೆ ಒಂದೇ ತೊಂದರೆಗೆ ನಾಲ್ಕು ಸಲ ರಿಪೇರಿಗೆ ಬಿಟ್ಟಿದ್ದರೆ, ಸಾಕಷ್ಟು ಅವಕಾಶ ಕೊಟ್ಟಾಗಿದೆ ಅಂತ ಕಾನೂನೇ ನಿಮ್ಮ ಪರವಾಗಿ ಇಟ್ಟುಕೊಳ್ಳುತ್ತದೆ. ಸಾವು ಅಥವಾ ಗಂಭೀರ ಗಾಯ ಆಗಬಹುದಾದ ದೋಷವಾದರೆ ಎರಡೇ ಸಲ ಸಾಕು. ಇನ್ನೊಂದು ದಾರಿಯೂ ಇದೆ. ವಾರಂಟಿ ರಿಪೇರಿಗೆ ಅಂತ ಗಾಡಿ ಒಟ್ಟು 30 ದಿನಕ್ಕಿಂತ ಜಾಸ್ತಿ ಡೀಲರ್ ಹತ್ತಿರ ಇದ್ದರೂ ಆಯಿತು. ಒಂದೇ ಸಲ 30 ದಿನ ಇರಬೇಕಾಗಿಲ್ಲ, ಕೂಡಿಸಿ ಲೆಕ್ಕ.

ಈ ಸಂಖ್ಯೆಗಳು ಮುಟ್ಟದಿದ್ದರೆ ಕೇಸೇ ಇಲ್ಲ ಅಂತ ಅರ್ಥ ಅಲ್ಲ. ಮುಟ್ಟಿದರೆ ನಿಮಗೆ ವಾದ ಸುಲಭ, ಅಷ್ಟೇ. ಫ್ರೀವೇ ಏರಿನಲ್ಲಿ ಲಾರಿಗಳ ಮುಂದೆ ಪವರ್ ಹೋಗುವುದು ಜೀವಕ್ಕೆ ಅಪಾಯ ಅಲ್ಲದೆ ಇನ್ನೇನು? ನನ್ನ ದೃಷ್ಟಿಯಲ್ಲಿ ನೀವು ಆಗಲೇ ಆ ಗೆರೆ ದಾಟಿದ್ದೀರಿ. ಮೂರನೇ ಸಲ ವಾರಗಟ್ಟಲೆ ಇತ್ತು ಅಂದಿರಲ್ಲ, ಎಲ್ಲಾ ಆರ್ಡರ್‌ಗಳಲ್ಲಿ ಬಿಟ್ಟ ತಾರೀಕು, ವಾಪಸ್ ತಗೊಂಡ ತಾರೀಕು ನೋಡಿ ಕೂಡಿಸಿ. 30 ದಾಟಿರಬಹುದು.

ಮೈಲಿ ಲೆಕ್ಕದ ಬಗ್ಗೆ ಭಯ ಬೇಡ. ನೀವು ಒಟ್ಟು ಓಡಿಸಿದ ಮೈಲಿಗೆ ಹಿಡಿಯುವುದಿಲ್ಲ. ಈ ತೊಂದರೆಗೆ ಅಂತ ಮೊದಲ ಸಲ ಡೀಲರ್ ಹತ್ತಿರ ಬಿಟ್ಟಾಗ ಮೀಟರ್‌ನಲ್ಲಿ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ. ಆ ಮೈಲಿಯನ್ನು 1,20,000ದಿಂದ ಭಾಗಿಸಿ ಬೆಲೆಯಿಂದ ಗುಣಿಸಬೇಕು. ನಿಮ್ಮ ಲೆಕ್ಕ: 1,200 ಅಂದರೆ 1,20,000ದಲ್ಲಿ ನೂರಕ್ಕೆ ಒಂದು. 42,000ದಲ್ಲಿ ನೂರಕ್ಕೆ ಒಂದು ಅಂದರೆ 420 ಡಾಲರ್. ಅಷ್ಟೇ ಕಡಿತ. ಅದಕ್ಕೇ ಆ ಮೊದಲ ರಿಪೇರಿ ಆರ್ಡರ್ ಅಷ್ಟು ಬೆಲೆಬಾಳುವ ಕಾಗದ. ಅದರಲ್ಲಿ ಪವರ್ ಹೋಗುವ ಮಾತು ಇಲ್ಲದಿದ್ದರೆ, ಇದು ಬೇರೆ ತೊಂದರೆಯ ಭೇಟಿ ಅಂತ ಕಂಪನಿಯವರು ವಾದಿಸುತ್ತಾರೆ. ಆಗ ಕಡಿತವೂ ಜಾಸ್ತಿ, ರಿಪೇರಿ ಲೆಕ್ಕವೂ ಒಂದು ಕಮ್ಮಿ.

ವಾಪಸ್ ಬರುವ ದುಡ್ಡಿನಲ್ಲಿ ಡೌನ್ ಪೇಮೆಂಟ್, ನೀವು ಕಟ್ಟಿದ ಕಂತು, ಸೇಲ್ಸ್ ಟ್ಯಾಕ್ಸ್, ರಿಜಿಸ್ಟ್ರೇಷನ್ ಫೀಸು ಎಲ್ಲಾ ಸೇರುತ್ತದೆ. ಬಾಕಿ ಸಾಲ ಅವರೇ ತೀರಿಸುತ್ತಾರೆ. ಟೋಯಿಂಗ್, ಬಾಡಿಗೆ ಕಾರಿನ ಖರ್ಚಿದ್ದರೆ ರಸೀದಿ ಇಟ್ಟುಕೊಳ್ಳಿ, ಅದನ್ನೂ ಕೇಳಬಹುದು. ಹಳೆ ಕಾರಿನ ಸಾಲದ ಬಾಕಿಯನ್ನು ಈ ಸಾಲಕ್ಕೆ ಸೇರಿಸಿದ್ದರೆ ಮಾತ್ರ ಅದು ಕಡಿತ ಆಗಬಹುದು.

ಲಾಯರ್ ಫೀಸು: ನೀವು ಗೆದ್ದರೆ ನ್ಯಾಯವಾದ ಫೀಸನ್ನು ಕಂಪನಿ ಕೊಡಬೇಕು ಅಂತ ಕಾಯಿದೆಯಲ್ಲೇ ಇದೆ. ಅದಕ್ಕೇ ಬಹಳ ಲಾಯರ್‌ಗಳು ಮುಂಗಡ ಕೇಳುವುದಿಲ್ಲ. ಆದರೆ ಒಪ್ಪಂದ ಓದಿ. ನಿಮಗೆ ಬರುವ ದುಡ್ಡಿನಲ್ಲೂ ಪಾಲು ಕೇಳುವವರಿದ್ದಾರೆ. ನಡುವೆ ನೀವೇ ಕೇಸು ಬಿಟ್ಟರೆ ಏನು ಅಂತಲೂ ಕೇಳಿ.

ಎಲೆಅಡಿಕೆ ಅವರೇ, ನಿಮ್ಮ ಕಳಕಳಿ ಅರ್ಥ ಆಗುತ್ತದೆ. ಆದರೆ ಟ್ರೇಡ್-ಇನ್ ಆದ ಕಾರು ನಾಳೆ ಇನ್ನೊಂದು ಮನೆಯವರ ಕೈಗೆ ಹೋಗುತ್ತದೆ. ಅವರ ಮಕ್ಕಳೂ ಅದೇ ಏರು ಹತ್ತಬಹುದು. ಲೆಮನ್ ಲಾ ಬೈಬ್ಯಾಕ್ ಆದರೆ, ಅಂದರೆ ಕಂಪನಿಯೇ ವಾಪಸ್ ಕೊಂಡರೆ, ಹಾಗಾಗುವುದಿಲ್ಲ. ಕಂಪನಿ ಅದನ್ನು ಮತ್ತೆ ಮಾರಬೇಕಾದರೆ ದೋಷ ಸರಿಪಡಿಸಿ, ಬೈಬ್ಯಾಕ್ ಗಾಡಿ ಅಂತ ಟೈಟಲ್ (ಮಾಲೀಕತ್ವದ ಪತ್ರ) ಮೇಲೆ ನಮೂದಿಸಿ, ಎಡ ಬಾಗಿಲಿನ ಚೌಕಟ್ಟಿಗೆ ಸ್ಟಿಕ್ಕರ್ ಹಚ್ಚಿ, ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಇದು ನನಗೆ ದುಡ್ಡಿನಷ್ಟೇ ಮುಖ್ಯ ಅನ್ನಿಸಿತ್ತು.

ಸ್ಪ್ಯಾನರ್

ನಾನು ಇಲ್ಲಿ ಡೀಲರ್ ವರ್ಕ್‌ಶಾಪ್‌ನಲ್ಲಿ ಟೆಕ್ನಿಷಿಯನ್ ಆಗಿದ್ದವನು, ಈಗ ಆ ಕೆಲಸ ಬಿಟ್ಟಿದ್ದೇನೆ. ಒಳಗೆ ಹೇಗೆ ನಡೆಯುತ್ತದೆ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಬಂದು ಹೋಗುವ ತೊಂದರೆ ಹುಡುಕುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ಬಹಳ ಕಡೆ ಟೆಕ್ನಿಷಿಯನ್‌ಗೆ ಸಂಬಳ ಬರುವುದು ಗಡಿಯಾರದ ಗಂಟೆಗೆ ಅಲ್ಲ. ಈ ಕೆಲಸಕ್ಕೆ ಇಷ್ಟು ಗಂಟೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ, ಅಷ್ಟಕ್ಕೆ ಮಾತ್ರ. ವಾರಂಟಿ ಕೆಲಸಕ್ಕೆ ಆ ಗಂಟೆ ಇನ್ನೂ ಕಮ್ಮಿ. ಅರ್ಧ ದಿನ ನಿಮ್ಮ ಕಾರು ಓಡಿಸಿ ಏನೂ ಸಿಗಲಿಲ್ಲ ಅಂದರೆ ಆ ಅರ್ಧ ದಿನದ ಕೂಲಿ ಹೋಯಿತು. ಅದಕ್ಕೇ ವರ್ಕ್‌ಶಾಪ್ ಸುತ್ತ ಒಂದು ರೌಂಡ್ ಹೊಡೆದು, ತೊಂದರೆ ಕಾಣಿಸಲಿಲ್ಲ ಅಂತ ಬರೆದು ಬಿಡುತ್ತಾರೆ. ಸಿಟಿ ರಸ್ತೆಯ ಸಮತಟ್ಟಿನಲ್ಲಿ ಆಲ್ಟಮಾಂಟ್ ಏರಿನ ತೊಂದರೆ ಹೇಗೆ ಕಾಣಿಸಬೇಕು ಹೇಳಿ?

ಹಾಗಾಗಿ ಇನ್ನೊಂದು ಸಲ ಬಿಡುವಾಗ ನೀವೇ ಒಂದು ಪುಟ ಟೈಪ್ ಮಾಡಿಕೊಂಡು ಹೋಗಿ. ಯಾವ ದಿನ, ಯಾವ ರಸ್ತೆ, ಏರಾ ಇಳಿಜಾರಾ, ವೇಗ ಎಷ್ಟು, ಎಸಿ ಆನ್ ಇತ್ತಾ, ಬ್ಯಾಟರಿ ಚಾರ್ಜ್ ಎಷ್ಟು ತೋರಿಸುತ್ತಿತ್ತು, ಹೊರಗೆ ಬಿಸಿಲಾ ಚಳಿಯಾ, ಎಷ್ಟು ಹೊತ್ತು ಓಡಿಸಿದ ಮೇಲೆ ಆಯಿತು. ಕೌಂಟರಿನಲ್ಲಿ ದೂರು ಕೇಳುವ ಸರ್ವಿಸ್ ಅಡ್ವೈಸರ್ ಬರೆಯುವ ಶೀಟಿನಲ್ಲಿ ಮೂರು ಭಾಗ ಇರುತ್ತದೆ: ದೂರು, ಕಾರಣ, ಮಾಡಿದ ಕೆಲಸ. ಮೊದಲನೆಯದು ನಿಮ್ಮದು. ಆ ಸಾಲು ನಿಮ್ಮ ಮಾತಿನಲ್ಲೇ ಇರಬೇಕು. ‘ಏರಿನಲ್ಲಿ ಪವರ್ ಹೋಗುತ್ತದೆ, ವೇಗ 65ರಿಂದ 30ಕ್ಕೆ ಇಳಿಯುತ್ತದೆ’ ಅಂತ ಟೈಪ್ ಮಾಡಿಸಿ, ಪ್ರಿಂಟ್ ತಗೊಂಡು, ಅಲ್ಲೇ ನಿಂತು ಓದಿ, ಆಮೇಲೆ ಕೀ ಕೊಡಿ. ಕೌಂಟರಿನಲ್ಲಿ ಹಿಂದೆ ಕ್ಯೂ ಇರುತ್ತದೆ, ಅವಸರ ಮಾಡ್ತಾರೆ, ನೀವು ಮಾತ್ರ ಅವಸರ ಮಾಡಬೇಡಿ.

ಡೇಟಾ ಬಗ್ಗೆ. ಇಂಥ ಎಚ್ಚರಿಕೆ ಬಂದಾಗ ಕಾರಿನ ಕಂಪ್ಯೂಟರ್ ಸಾಮಾನ್ಯವಾಗಿ ಒಂದು ಕೋಡ್ ಉಳಿಸಿಕೊಳ್ಳುತ್ತದೆ. ಕೆಲವು ಕೋಡ್‌ಗಳ ಜೊತೆ ಆ ಕ್ಷಣದ ವೇಗ, ಎಂಜಿನ್ ಮೇಲಿನ ಲೋಡ್, ಕೂಲಂಟ್ ಬಿಸಿ ಇವೂ ಸೇರಿರುತ್ತವೆ. ಅದನ್ನು ಫ್ರೀಜ್ ಫ್ರೇಮ್ ಅಂತಾರೆ. ಕಾರು ಆಮೇಲೆ ಸರಿಯಾಗಿ ಓಡುತ್ತಾ ಹೋದರೆ ಕೆಲವು ಕೋಡ್ ತಾನಾಗಿಯೇ ಅಳಿಸಿಹೋಗುತ್ತವೆ. ಅದಕ್ಕೇ ತೊಂದರೆ ಆದ ದಿನವೇ ಡೀಲರ್ ಹತ್ತಿರ ಹೋಗಿ, ವಾರಾಂತ್ಯದ ತನಕ ಕಾಯಬೇಡಿ. ಈ ಕೋಡ್ ಓದುವ, ಅಮೆಜಾನ್‌ನಲ್ಲಿ ಸಿಗುವ ಚಿಕ್ಕ ಓಬಿಡಿ ರೀಡರ್ ಇದ್ದರೆ ಓದಿ ಫೋಟೋ ತೆಗೆಯಿರಿ. ಕ್ಲಿಯರ್ ಬಟನ್ ಮಾತ್ರ ಒತ್ತಬೇಡಿ. 12 ವೋಲ್ಟ್ ಬ್ಯಾಟರಿ ವಯರ್ ತೆಗೆದು ಹಾಕಿದರೂ ಈ ಮಾಹಿತಿ ಹೋಗಬಹುದು. ಯಾರಾದರೂ ಬ್ಯಾಟರಿ ತೆಗೆದು ರೀಸೆಟ್ ಮಾಡಿ ನೋಡಿ ಅಂದರೆ ಕೇಳಬೇಡಿ.

ವಿಡಿಯೋ ಬಹಳ ಕೆಲಸಕ್ಕೆ ಬರುತ್ತದೆ. ನೀವು ಓಡಿಸುವಾಗ ಫೋನ್ ಮುಟ್ಟಬೇಡಿ, ಪಕ್ಕದಲ್ಲಿ ಕೂತವರು ತೆಗೆಯಲಿ. ಡ್ಯಾಶ್ ಮೇಲಿನ ಬರಹ, ಸ್ಪೀಡು, ರಸ್ತೆ ಮೂರೂ ಕಾಣಬೇಕು. ಆಮೇಲೆ ಸರ್ವಿಸ್ ಮ್ಯಾನೇಜರ್‌ಗೆ ಹೇಳಿ, ಟೆಕ್ನಿಷಿಯನ್ ನನ್ನ ಜೊತೆ ಕೂತು ಅದೇ ಏರು ಹತ್ತಲಿ ಅಂತ. ಡೀಲರ್ ಕೈಯಲ್ಲಿ ಆಗದಿದ್ದರೆ ಕಂಪನಿಯ ಫೀಲ್ಡ್ ಎಂಜಿನಿಯರ್‌ನ ಕರೆಸುವ ವ್ಯವಸ್ಥೆ ಇರುತ್ತದೆ. ಕೇಳಿದವರಿಗೇ ಅದು ಸಿಗುವುದು.

ಇನ್ನೊಂದು. ಬಹಳ ಜನಕ್ಕೆ ಇದು ಗೊತ್ತಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ವಾರಂಟಿ ಕೆಲಸಕ್ಕೂ ಇನ್ವಾಯ್ಸ್ ಬರೆಯಲೇಬೇಕು, ಬಿಲ್ ಸೊನ್ನೆ ಇದ್ದರೂ ಸರಿ. ಬರೀ ನೋಡಿದೆವು, ಏನೂ ಮಾಡಲಿಲ್ಲ, ಅದಕ್ಕೇ ಪೇಪರ್ ಇಲ್ಲ ಅಂತ ಕಳಿಸಿದರೆ ಒಪ್ಪಬೇಡಿ. ಪೇಪರ್ ಇಲ್ಲದ ಭೇಟಿಯನ್ನು ಆಮೇಲೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜೆರ್ಸಿಕನ್ನಡಿಗ

ಒಳ್ಳೆ ಮಾಹಿತಿ. ಬೇರೆ ರಾಜ್ಯದವರು ಓದುತ್ತಿದ್ದರೆ ಒಂದು ಮಾತು: ಘಟ್ಟದದಾರಿ ಅವರು ಹೇಳಿದ ಸಂಖ್ಯೆಗಳು ಕ್ಯಾಲಿಫೋರ್ನಿಯಾಗೆ ಮಾತ್ರ. ಲೆಮನ್ ಲಾ ರಾಜ್ಯದ ಕಾನೂನು, ಒಂದೊಂದು ಕಡೆ ಒಂದೊಂದು ಥರ. ಇಂಥ ಹೆಸರಿನ ಮೊದಲ ಕಾನೂನು 1982ರಲ್ಲಿ ಕನೆಕ್ಟಿಕಟ್‌ನಲ್ಲಿ ಬಂದದ್ದು. ಆಮೇಲೆ ಎಲ್ಲಾ ರಾಜ್ಯಗಳೂ ಮಾಡಿಕೊಂಡವು.

ನಮ್ಮ ನ್ಯೂಜೆರ್ಸಿಯಲ್ಲಿ 24 ತಿಂಗಳು ಅಥವಾ 24,000 ಮೈಲಿ. ಮೂರು ಸಲ ರಿಪೇರಿ, ಅಥವಾ ಒಟ್ಟು 20 ದಿನ ಗಾಡಿ ಕೈಯಲ್ಲಿ ಇಲ್ಲದಿರುವುದು. ಆದರೆ ಕ್ಲೇಮ್ ಮಾಡುವ ಮುಂಚೆ ಕಂಪನಿಗೆ ಸರ್ಟಿಫೈಡ್ ಮೇಲ್‌ನಲ್ಲಿ (ರಿಜಿಸ್ಟರ್ಡ್ ಪೋಸ್ಟ್ ಥರದ್ದು) ಪತ್ರ ಬರೆದು ಕೊನೆಯ ಅವಕಾಶ ಕೊಡಬೇಕು. ಆ ಪತ್ರ ಬರೆಯದೆ ಬರೀ ಫೋನ್ ಮಾಡುತ್ತಾ ಕೂತರೆ ಪ್ರಯೋಜನ ಇಲ್ಲ. ಇಲ್ಲಿ ರಾಜ್ಯ ಸರ್ಕಾರದ್ದೇ ಲೆಮನ್ ಲಾ ಯೂನಿಟ್ ಇದೆ. ಟೆಕ್ಸಾಸ್‌ನಲ್ಲಿ ಮೋಟಾರ್ ವಾಹನ ಇಲಾಖೆಗೇ ದೂರು ಕೊಡಬೇಕು, ಫೀಸು 35 ಡಾಲರ್, ಅದಕ್ಕೆ ಕೊನೆ ತಾರೀಕೂ ಇದೆ. ಡಲ್ಲಾಸ್, ಆಸ್ಟಿನ್ ಕಡೆಯವರು ತಡ ಮಾಡಬೇಡಿ.

ಮೂರು ದಿನದೊಳಗೆ ಹೊಸ ಕಾರು ವಾಪಸ್ ಕೊಡಬಹುದು ಅಂತ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಾ ಇರುತ್ತದೆ. ಶೋರೂಮಿನಲ್ಲಿ ಕೊಂಡ ಹೊಸ ಕಾರಿಗೆ ಅಂಥ ಫೆಡರಲ್ ನಿಯಮ ಇಲ್ಲ. ಮನೆ ಬಾಗಿಲಿಗೆ ಬಂದು ಮಾರುವವರಿಗೆ ಇರುವ ನಿಯಮವನ್ನು ಜನ ಇದಕ್ಕೆ ಅಂಟಿಸಿದ್ದಾರೆ.

ಮಾವಿನತೋಪು

ನಾನು ಸ್ಯಾನ್ ಹೊಸೆಯಲ್ಲಿ ಒಂದು ವರ್ಷದ ಹಳೇ ಕಾರು ತಗೊಂಡಿದ್ದೇನೆ, ಕಂಪನಿ ವಾರಂಟಿ ಇನ್ನೂ ಎರಡು ವರ್ಷ ಬಾಕಿ ಇದೆ. ನನಗೂ ಇದು ಅನ್ವಯಿಸುತ್ತಾ?

ಘಟ್ಟದದಾರಿ

ಮಾವಿನತೋಪು ಅವರೇ, ಮುಂಚೆ ಅನ್ವಯಿಸುತ್ತದೆ ಅಂತ ವಾದಿಸುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ರಾಡ್ರಿಗಸ್ ಕೇಸಿನಲ್ಲಿ ಅದನ್ನು ಒಪ್ಪಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗೆ ಹಳೇ ವಾರಂಟಿ ಉಳಿದಿದೆ ಅನ್ನುವ ಒಂದೇ ಕಾರಣಕ್ಕೆ ಅದು ‘ಹೊಸ ಗಾಡಿ’ ಆಗುವುದಿಲ್ಲ ಅಂತ ತೀರ್ಪು. ಮಾರುವಾಗ ಹೊಸ ವಾರಂಟಿ ಕೊಟ್ಟಿದ್ದರೆ ಲೆಕ್ಕ ಬೇರೆ. ವಾರಂಟಿ ರಿಪೇರಿ ಮಾಡಿಕೊಡುವ ಹೊಣೆ ಕಂಪನಿಗೆ ಇದ್ದೇ ಇದೆ. 1975ರ ಮ್ಯಾಗ್ನಸನ್-ಮಾಸ್ ಎಂಬ ಫೆಡರಲ್ ವಾರಂಟಿ ಕಾಯಿದೆಯೂ ಇದೆ. ನಿಮ್ಮ ಪೇಪರ್ ಹಿಡಿದು ಒಬ್ಬ ಲಾಯರ್‌ನ ಕೇಳಿ.

ಸಂಪಿಗೆಮರ

ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸಹಿ ಮಾಡಿಲ್ಲ. ಪೇಪರ್ ಕಾಪಿ ಕೇಳಿದರೆ ಮನೆಗೆ ಕೊಡುವ ಹಾಗಿಲ್ಲ ಅಂದರು, ಅಲ್ಲೇ ಕೂತು ಓದಿದೆ. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ‘ಈ ವಾಹನಕ್ಕೆ ಸಂಬಂಧಿಸಿದ ಎಲ್ಲಾ ಕ್ಲೇಮ್‌ಗಳನ್ನು ಬಿಟ್ಟುಕೊಡುತ್ತೇನೆ’ ಅಂತ. ಬೇಡ ಅಂತ ಹೇಳಿ ಎದ್ದು ಬಂದೆ.

ತಾರೀಕು ಕೂಡಿಸಿ ನೋಡಿದೆ, 30 ದಾಟಿದೆ.

ಮೊದಲ ಆರ್ಡರ್ ತಿದ್ದಿಕೊಡಿ ಅಂತ ಕೇಳಿದೆ. ಮುಚ್ಚಿದ ಆರ್ಡರ್ ತಿದ್ದಲು ಸಿಸ್ಟಂ ಬಿಡಲ್ಲ ಅಂದರು. ಇದಕ್ಕೆ ಏನು ಮಾಡಲಿ? ಮತ್ತೆ, ಅಷ್ಟು ದಿನ ಈ ಕಾರು ಓಡಿಸಬೇಕಾ? ಕಂತು ನಿಲ್ಲಿಸಿದರೆ ಕಂಪನಿ ಮೇಲೆ ಒತ್ತಡ ಬೀಳುತ್ತೆ ಅಂತ ನಮ್ಮ ಭಾವ ಹೇಳ್ತಿದ್ದಾರೆ.

ಸ್ಪ್ಯಾನರ್

ಹಳೇ ಆರ್ಡರ್ ತಿದ್ದಲ್ಲ ಅಂದರೆ ಬಿಡಿ. ಅಪಾಯಿಂಟ್‌ಮೆಂಟ್ ಹೇಗೆ ಮಾಡಿದಿರಿ? ಆ್ಯಪ್‌ನಲ್ಲೋ ಈಮೇಲ್‌ನಲ್ಲೋ ಮಾಡಿದ್ದರೆ ಕಾರಣ ಅಂತ ನೀವೇ ಬರೆದದ್ದು ಅಲ್ಲಿ ಉಳಿದಿರುತ್ತದೆ. ಅಡ್ವೈಸರ್‌ಗೆ ಕಳಿಸಿದ ಮೆಸೇಜ್, ಅವತ್ತು ಮನೆಯವರಿಗೆ ಕಳಿಸಿದ ಮೆಸೇಜ್ ಕೂಡ ನೋಡಿ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಸರ್ವಿಸ್ ಮ್ಯಾನೇಜರ್‌ಗೆ ಈಮೇಲ್ ಹಾಕಿ: ‘ಇಂಥ ದಿನ, 1,200 ಮೈಲಿ ಇದ್ದಾಗ, ಏರಿನಲ್ಲಿ ಪವರ್ ಹೋಗುತ್ತದೆ ಎಂದು ಹೇಳಿ ಕಾರು ಬಿಟ್ಟಿದ್ದೆ. ಆರ್ಡರ್‌ನಲ್ಲಿ ಅದು ಬಂದಿಲ್ಲ. ದಯವಿಟ್ಟು ದಾಖಲಿಸಿಕೊಳ್ಳಿ.’ ಜಗಳದ ಮಾತು ಬೇಡ. ಅವರು ಉತ್ತರ ಕೊಡಲಿ ಬಿಡಲಿ, ತಾರೀಕಿನ ಸಮೇತ ನಿಮ್ಮ ಮಾತು ದಾಖಲಾಯಿತು. ನಾಲ್ಕನೇ ಸಲ ಬಿಡುವಾಗ ಆರ್ಡರ್‌ನಲ್ಲಿ, 1,200 ಮೈಲಿಯಿಂದ ಇರುವ ಅದೇ ತೊಂದರೆ ಅಂತ ಬರೆಸಿ.

ಓಡಿಸುವ ಬಗ್ಗೆ: ಆ ಏರಿಗೆ ತೆಗೆದುಕೊಂಡು ಹೋಗಬೇಡಿ ಅಮ್ಮ. ಅಲ್ಲಿಯತನಕ ಓಡಿಸಲು ಲೋನರ್ ಕಾರು ಕೊಡಿ ಅಂತ ಡೀಲರ್‌ನ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಬಾಡಿಗೆ ತಗೊಂಡು ರಸೀದಿ ಇಡಿ. ಮತ್ತೆ ಎನ್‌ಎಚ್‌ಟಿಎಸ್‌ಎ (ಫೆಡರಲ್ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ) ವೆಬ್‌ಸೈಟ್‌ನಲ್ಲಿ ನಿಮ್ಮ ಗಾಡಿಯ ಗುರುತಿಗೆ ಇರುವ 17 ಅಕ್ಷರದ ವಿನ್ ನಂಬರ್ ಹಾಕಿ, ರೀಕಾಲ್ ಇದೆಯಾ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಈ ಗಾಡಿಗಳನ್ನು ಕರೆದಿದೆಯಾ ನೋಡಿ. ಅದೇ ಮಾಡೆಲ್‌ಗೆ ಬೇರೆಯವರು ಕೊಟ್ಟ ದೂರುಗಳು, ಕಂಪನಿ ಡೀಲರ್‌ಗಳಿಗೆ ಕಳಿಸಿದ ಸರ್ವಿಸ್ ಬುಲೆಟಿನ್‌ಗಳು ಅಲ್ಲೇ ಸಿಗುತ್ತವೆ. ನಿಮ್ಮ ಲಕ್ಷಣಕ್ಕೇ ಬುಲೆಟಿನ್ ಇದ್ದರೆ, ತೊಂದರೆ ಇಲ್ಲ ಅನ್ನುವ ಡೀಲರ್ ಮಾತು ಅಲ್ಲಿಗೆ ನಿಂತಿತು. ನಿಮ್ಮ ದೂರನ್ನೂ ಅಲ್ಲಿ ಹಾಕಿ. ಅದರಿಂದ ನಿಮಗೆ ದುಡ್ಡು ಬರುವುದಿಲ್ಲ, ಆದರೆ ಒಂದೇ ಥರದ ದೂರು ಸೇರುತ್ತಾ ಹೋದರೆ ಅವರು ತನಿಖೆ ಮಾಡುತ್ತಾರೆ.

ಘಟ್ಟದದಾರಿ

ಕಂತು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಸಾಲ ಕೊಟ್ಟ ಬ್ಯಾಂಕು ಬೇರೆ, ಕಾರು ಮಾಡಿದ ಕಂಪನಿ ಬೇರೆ. ಒತ್ತಡ ಬೀಳುವುದು ನಿಮ್ಮ ಕ್ರೆಡಿಟ್ ಸ್ಕೋರ್ ಮೇಲೆ. ಗಾಡಿ ಎತ್ತಿಕೊಂಡು ಹೋದರೆ ಕೇಸಿಗೂ ಪೆಟ್ಟು. ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಕೂಡ ಚಾಲ್ತಿಯಲ್ಲಿರಲಿ. ಕಟ್ಟಿದ ಕಂತು ಲೆಕ್ಕದಲ್ಲಿ ನಿಮಗೇ ವಾಪಸ್ ಬರುತ್ತದೆ.

ಈಗ ಡೀಲರ್ ಜೊತೆ ವಾದ ಸಾಕು. ಹೊಣೆ ಇರುವುದು ತಯಾರಕ ಕಂಪನಿಗೆ. ವಾರಂಟಿ ಪುಸ್ತಕದಲ್ಲಿ ದೂರು ಕಳಿಸುವ ವಿಳಾಸ ಇರುತ್ತದೆ. ಅಲ್ಲಿಗೆ ನಿಮ್ಮ ಹೆಸರು, ವಿನ್ ನಂಬರ್, ತೊಂದರೆ ಏನು, ಯಾವ ಯಾವ ದಿನ ರಿಪೇರಿಗೆ ಬಿಟ್ಟಿರಿ, ಏನು ಬೇಕು ಅಂತ ಒಂದೂವರೆ ಪುಟ ಬರೆದು ಕಳಿಸಿ. ‘ಗಾಡಿ ವಾಪಸ್ ತಗೊಂಡು ದುಡ್ಡು ಕೊಡಿ’ ಅನ್ನುವುದು ಸ್ಪಷ್ಟವಾಗಿರಬೇಕು. ಈಮೇಲ್ ವಿಳಾಸ ಕೊಟ್ಟಿದ್ದರೆ ಅದಕ್ಕೂ, ಸರ್ಟಿಫೈಡ್ ಮೇಲ್‌ನಲ್ಲೂ ಕಳಿಸಿ.

ಕಳಿಸುವ ಮುಂಚೆ ಒಂದು ನೋಡಿ. ಎಬಿ 1755, ಎಸ್‌ಬಿ 26 ಅಂತ ಎರಡು ಹೊಸ ಕಾನೂನು ಬಂದಿವೆ. ಕೆಲವು ಕಂಪನಿಗಳು ಆ ಹೊಸ ವಿಧಾನಕ್ಕೆ ಸೇರಿಕೊಂಡಿವೆ, ಕೆಲವು ಇಲ್ಲ. ಯಾರು ಸೇರಿದ್ದಾರೆ ಅನ್ನುವ ಪಟ್ಟಿ ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆಯ ವೆಬ್‌ಸೈಟ್‌ನಲ್ಲಿದೆ. ಸೇರಿದ ಕಂಪನಿಯಾದರೆ, ಬೇಕೆಂದೇ ಸತಾಯಿಸಿದ್ದಕ್ಕೆ ನಷ್ಟದ ಎರಡರಷ್ಟರವರೆಗೆ ದಂಡ ಕೇಳಬೇಕು ಅಂತಿದ್ದರೆ, ಕೋರ್ಟಿಗೆ ಹೋಗುವ 30 ದಿನ ಮುಂಚೆ ಈ ನೋಟಿಸ್ ಹೋಗಿರಲೇಬೇಕು. ಅಷ್ಟರಲ್ಲಿ ಅವರು ಬೈಬ್ಯಾಕ್ ಒಪ್ಪಿ, ನೋಟಿಸ್ ತಲುಪಿದ 60 ದಿನದೊಳಗೆ ಮುಗಿಸಿದರೆ ದಂಡ ಇಲ್ಲ, ಗಾಡಿ ದುಡ್ಡು ಮಾತ್ರ. ಅಲ್ಲಿಯತನಕ ಗಾಡಿ ನಿಮ್ಮ ಹತ್ತಿರವೇ ಇರಬೇಕು, ಮಾರಬಾರದು. ಆ ಕಂಪನಿಗಳ ಮೇಲೆ ಕೇಸು ಹಾಕಲು ವಾರಂಟಿ ಮುಗಿದ ಮೇಲೆ ಒಂದು ವರ್ಷ, ಏನೇ ಆದರೂ ಗಾಡಿ ಕೈಗೆ ಬಂದ ಆರು ವರ್ಷದೊಳಗೆ ಅನ್ನುವ ಮಿತಿಯೂ ಇದೆ. ನಿಮಗೆ ಅದು ಸದ್ಯಕ್ಕೆ ದೂರ, ಆದರೂ ನೋಟಿಸಿನ ಪದಗಳನ್ನು ಒಬ್ಬ ಲಾಯರ್ ಒಮ್ಮೆ ನೋಡಲಿ.

ಕಂಪನಿಯವರು ಆರ್ಬಿಟ್ರೇಷನ್‌ಗೆ, ಅಂದರೆ ಕೋರ್ಟಿನ ಹೊರಗೆ ಮೂರನೆಯವರ ಮುಂದೆ ತೀರ್ಮಾನಕ್ಕೆ, ಬನ್ನಿ ಅನ್ನಬಹುದು. ರಾಜ್ಯ ಸರ್ಕಾರ ಮಾನ್ಯ ಮಾಡಿದ ಆರ್ಬಿಟ್ರೇಷನ್ ಆದರೆ ಅದು ಉಚಿತ. ನೀವು ಒಪ್ಪಿಕೊಂಡರೆ ತೀರ್ಮಾನಕ್ಕೆ ಕಂಪನಿ ತಲೆಬಾಗಬೇಕು, ನಿಮಗೆ ಬೇಡವಾದರೆ ನೀವು ಬಿಡಬಹುದು. ನಿಮ್ಮ ಪೇಪರ್ ಸರಿಯಾಗಿದ್ದರೆ ಅದೂ ಕೆಟ್ಟ ದಾರಿ ಅಲ್ಲ. ಆದರೆ ಅಲ್ಲಿ ಸೋತ ತೀರ್ಮಾನವನ್ನು ಆಮೇಲೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ತೋರಿಸಬಹುದು. ಅದಕ್ಕೇ ಸ್ಪ್ಯಾನರ್ ಅವರು ಹೇಳಿದ ಈಮೇಲ್, ವಿಡಿಯೋ, ನಾಲ್ಕನೇ ಆರ್ಡರ್ ಇವು ಕೈಗೆ ಬಂದ ಮೇಲೆ ಹೋಗಿ.

ಸಂಪಿಗೆಮರ

ಸರಿ. ಅಪಾಯಿಂಟ್‌ಮೆಂಟ್ ಆ್ಯಪ್‌ನಲ್ಲೇ ಮಾಡಿದ್ದೆ. ಈಗ ತೆಗೆದು ನೋಡಿದೆ, ಕಾರಣ ಅಂತ ನಾನೇ ಬರೆದದ್ದು ಹಾಗೇ ಇದೆ: ‘ಫ್ರೀವೇ ಏರಿನಲ್ಲಿ ಕಾರು ಎಳೆಯುತ್ತಿಲ್ಲ, ಪವರ್ ಹೋಗುತ್ತಿದೆ.’ ತಾರೀಕೂ ಇದೆ! ಸ್ಕ್ರೀನ್‌ಶಾಟ್ ತೆಗೆದು ನನಗೂ ನಮ್ಮೆಜಮಾನರಿಗೂ ಮೇಲ್ ಮಾಡಿಟ್ಟಿದ್ದೇನೆ. ಸರ್ವಿಸ್ ಮ್ಯಾನೇಜರ್‌ಗೂ ಅದನ್ನೇ ಲಗತ್ತಿಸಿ ಕಳಿಸಿದೆ. ನಮ್ಮ ಕಂಪನಿ ಆ ಪಟ್ಟಿಯಲ್ಲಿದೆ. ಸೋಮವಾರ ಕಾರನ್ನು ಟೋ ಮಾಡಿಸಿ ಡೀಲರ್ ಹತ್ತಿರ ಬಿಡುತ್ತೇವೆ, ಟೆಕ್ನಿಷಿಯನ್ ಜೊತೆಗೆ ಬರಲಿ ಅಂತ ಬರೆದು ಕೇಳಿದ್ದೇನೆ. ನೋಟಿಸ್ ಕರಡು ಇವತ್ತು ರಾತ್ರಿ ಬರೆಯುತ್ತೇನೆ. ಹೆಸರು, ನಂಬರ್ ತೆಗೆದು ಇಲ್ಲಿ ಹಾಕಿದರೆ ನೀವಿಬ್ಬರೂ ಒಮ್ಮೆ ಓದಿ ಹೇಳ್ತೀರಾ?

ಘಟ್ಟದದಾರಿ

ಹಾಕಿ, ಖಂಡಿತ ಓದುತ್ತೇನೆ. ವಿನ್ ನಂಬರ್, ಆರ್ಡರ್ ನಂಬರ್ ಎರಡನ್ನೂ ಮರೆಯದೆ ಅಳಿಸಿ.